ನಾಲ್ಕನೆಯ ಪ್ಯಾರಾ

ಕೋರ್ಟಿನ ಹಿಂದಿನ ಗಲ್ಲಿಯಲ್ಲಿ ಅವಳನ್ನು ಎಲ್ಲರೂ ಕಾಜಾ ಎಂದೇ ಕರೆಯುತ್ತಿದ್ದರು. ಕೋಟಿನ ಗುಂಡಿ ತೂರುವ ಸೀಳಿಗೆ ಸುತ್ತಲೂ ದಾರ ಕಟ್ಟುವುದನ್ನು ಕಾಜಾ ಹಾಕುವುದು ಅನ್ನುತ್ತಾರೆ. ಹನ್ನೊಂದು ವರ್ಷ ಅವಳು ಮಾಡಿದ್ದು ಅದೊಂದೇ ಕೆಲಸ. ವಕೀಲರ ಕರಿಕೋಟು ಹೊಲಿಯುವ ಟೈಲರ್ ಮಾಸ್ಟರ ಅಂಗಡಿಯ ಬಾಗಿಲ ಪಕ್ಕ, ಬೆಳಕು ಬೀಳುವ ಕಡೆ, ಮೋಟು ಸ್ಟೂಲು ಹಾಕಿಕೊಂಡು ಕೂರುತ್ತಿದ್ದಳು. ಅದರ ಎದುರಿಗೇ ನನ್ನ ಜಾಗ: ತಗಡಿನ ಮಾಡು, ಒಂದು ಮೇಜು, ಒಂದು ಕಂಪ್ಯೂಟರ್, ಒಂದು ಪ್ರಿಂಟರ್, ಅರ್ಜಿ ಟೈಪ್ ಮಾಡಿಸಲು ಬಂದವರಿಗೆ ಎರಡು ಕುರ್ಚಿ. ಒಂದರ ಕಾಲು ಅಲ್ಲಾಡುತ್ತದೆ. ಜಾಸ್ತಿ ಮಾತಾಡುವವರನ್ನು ಅದರ ಮೇಲೆ ಕೂರಿಸುತ್ತೇನೆ, ಬೇಗ ಎದ್ದುಹೋಗುತ್ತಾರೆ.

ನನ್ನನ್ನು ಟೈಪಕ್ಕ ಅನ್ನುತ್ತಾರೆ. ಇಪ್ಪತ್ತೊಂಬತ್ತು ವರ್ಷದಿಂದ ಊರಿನವರ ಜಗಳಗಳನ್ನು ಸಾಲು ಹಿಡಿದು ಬಡಿಯುತ್ತಿದ್ದೇನೆ. ಮೊದಲು ಮೆಷಿನ್ನಿನಲ್ಲಿ, ಈಗ ಕಂಪ್ಯೂಟರಿನಲ್ಲಿ. ‘ಟೈಪಕ್ಕ ಮಾಡಿದರೆ ಒಂದು ಅಕ್ಷರ ತಪ್ಪಿರಲ್ಲ’ ಎಂದು ವಕೀಲರು ಹೊಗಳಿದಾಗಲೆಲ್ಲ ಒಳಗೊಳಗೇ ಹಿಗ್ಗುತ್ತಿದ್ದೆ. ಈಗ ಯಾರಾದರೂ ಹಾಗಂದರೆ ಮೈಯೆಲ್ಲ ಉರಿಯುತ್ತದೆ. ಯಾಕೆ ಎಂದು ಹೇಳುವುದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಕಾಜಾ ಸಣ್ಣ ಮೈಯವಳು, ಮಾತು ಮಾತ್ರ ದೊಡ್ಡದು. ವಕೀಲರನ್ನು ಅವಳು ಮುಖ ನೋಡಿ ಗುರುತಿಸುತ್ತಿರಲಿಲ್ಲ, ಹೊಟ್ಟೆ ನೋಡಿ ಗುರುತಿಸುತ್ತಿದ್ದಳು. ಯಾರ ಕೋಟಿನ ಗುಂಡಿ ಎಷ್ಟು ಬೆರಳು ಆಚೆ ಸರಿಯಿತು ಎಂಬುದರ ಮೇಲೆ ಯಾರ ವಕೀಲಿಕೆ ಹೇಗೆ ನಡೆಯುತ್ತಿದೆ ಎಂದು ಹೇಳಿಬಿಡುತ್ತಿದ್ದಳು.

“ಅಕ್ಕಾ, ಮೂಲೆ ಆಫೀಸಿನ ಆ ಸಿವಿಲ್ ವಕೀಲರು ಗೆಲ್ತಿದ್ದಾರೆ ಅಂತ ಕಾಣುತ್ತೆ. ಈ ವರ್ಷ ಇದು ಎರಡನೇ ಸಲ ಗುಂಡಿ ಸರಿಸ್ತಿರೋದು.”

“ಬಾಯಿ ಮುಚ್ಚೇ, ಬರ್ತಿದ್ದಾರೆ.”

“ಬರ್ಲಿ ಬಿಡಿ. ಬಗ್ಗಿ ನನ್ನನ್ನ ನೋಡೋಕೆ ಅವರ ಕೈಲಾಗಲ್ಲ.”

ಹೀಗೆ ಇಡೀ ಗಲ್ಲಿ ನಗುತ್ತಿತ್ತು. ಮಾಸ್ಟರು ಸೂಜಿ ಬಾಯಲ್ಲಿಟ್ಟುಕೊಂಡೇ ನಗುತ್ತಿದ್ದರು, ನುಂಗಿಬಿಡುತ್ತಾರೇನೋ ಎಂದು ನನಗೆ ದಿಗಿಲಾಗುತ್ತಿತ್ತು. ಕಾಜಾ ಹಾಕುವ ಮೆಷಿನ್ನು ಬಂದು ಎಷ್ಟೋ ಕಾಲವಾಗಿದ್ದರೂ ಮಾಸ್ಟರು ತರಿಸಿರಲಿಲ್ಲ. ಅವಳ ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಬಿಗಿಯಾಗುತ್ತಿದ್ದ ಆ ಗಂಟುಗಳು ಮೆಷಿನ್ನಿಗೆ ಬರುವುದಿಲ್ಲ ಅನ್ನುತ್ತಿದ್ದರು. ಕೋಟು ಹರಿದರೂ ಕಾಜಾ ಬಿಚ್ಚುತ್ತಿರಲಿಲ್ಲ. ಅದು ಉತ್ಪ್ರೇಕ್ಷೆಯಲ್ಲ, ನಾನೇ ನೋಡಿದ್ದೇನೆ.

ಅವಳ ಗಂಡ ಪಕ್ಕದ ರಸ್ತೆಯ ಕ್ಲಿನಿಕ್ಕಿನಲ್ಲಿ ಕಂಪೌಂಡರ್. ಡಾಕ್ಟರು ಚೀಟಿ ಬರೆದ ಮೇಲಿನ ಕೆಲಸವೆಲ್ಲ ಅವನದೇ: ಇಂಜೆಕ್ಷನ್ ಕೊಡುವುದು, ಗಾಯ ತೊಳೆದು ಕಟ್ಟುವುದು, ಮಾತ್ರೆಯ ಪೊಟ್ಟಣ ಕಟ್ಟುವುದು. ಇಸ್ತ್ರಿ ಕೆಡದ ಅಂಗಿ, ಮೆದು ಮಾತು. ಸಿಗರೇಟಿಲ್ಲ. ಹೆಂಡವನ್ನಂತೂ ಮೂಸಿಯೂ ನೋಡಿದವನಲ್ಲ. ಮಧ್ಯಾಹ್ನ ಅವಳ ಊಟದ ಡಬ್ಬಿಯನ್ನು ತಾನೇ ತಂದುಕೊಟ್ಟು, ಗಲ್ಲಿಯ ಒಬ್ಬೊಬ್ಬರನ್ನೂ ವಿಚಾರಿಸಿಕೊಂಡು ಹೋಗುತ್ತಿದ್ದ. ನನ್ನ ಮಂಡಿನೋವಿಗೆ ವಾರಕ್ಕೊಂದು ಇಂಜೆಕ್ಷನ್ ಕೊಟ್ಟವನೂ ಅವನೇ. ಚುಚ್ಚಿದ್ದೇ ಗೊತ್ತಾಗುತ್ತಿರಲಿಲ್ಲ.

“ಪುಣ್ಯ ಮಾಡಿದ್ದೀಯ ಕಣೇ ಕಾಜಾ,” ಎಂದು ನನ್ನ ಬಾಯಾರೆ ನಾನೇ ಹೇಳಿದ್ದೇನೆ. ಅವಳು ದಾರವನ್ನು ಹಲ್ಲಿನಲ್ಲಿ ಕಡಿದು, “ಹೂಂ ಅಕ್ಕಾ,” ಅಂದಿದ್ದಳು.

ಬ್ಯಾಂಡೇಜು ಕಾಣಿಸಿಕೊಳ್ಳತೊಡಗಿದ್ದು ಯಾವಾಗಿನಿಂದ ಎಂದು ಈಗ ಎಷ್ಟು ತಲೆ ಕೆರೆದುಕೊಂಡರೂ ನೆನಪಾಗುವುದಿಲ್ಲ. ಒಮ್ಮೆ ಮುಂಗೈಗೆ, ಒಮ್ಮೆ ಹುಬ್ಬಿನ ಮೇಲೆ, ಒಮ್ಮೆ ಕಿವಿಯ ಹಿಂದೆ. ಕತ್ತರಿ ತಗುಲಿತು, ಬಾಗಿಲಿಗೆ ಸಿಕ್ಕಿತು, ಬಚ್ಚಲಲ್ಲಿ ಜಾರಿದೆ. ಕೇಳಿದರೆ ಉತ್ತರ ಸಿದ್ಧವಿರುತ್ತಿತ್ತು. ನಮ್ಮ ಕಣ್ಣಿಗೆ ಬಿದ್ದದ್ದು ಗಾಯವಲ್ಲ, ಕಟ್ಟಿದ ಚೆಂದ. ಸುತ್ತು ಒಂದರ ಮೇಲೊಂದು ಸರಿಯಾಗಿ ಕೂತು, ತುದಿ ಒಳಗೆ ಮಡಚಿ, ಎಲ್ಲೂ ಒಂದು ಎಳೆ ಆಚೆ ಬಂದಿರುತ್ತಿರಲಿಲ್ಲ. “ಮನೇಲೇ ಕಂಪೌಂಡರ್ ಇದ್ರೆ ಏನು ಸುಖ ನೋಡು,” ಎಂದು ಮಾಸ್ಟರು ತಮಾಷೆ ಮಾಡುತ್ತಿದ್ದರು. ಎಲ್ಲರೂ ನಗುತ್ತಿದ್ದೆವು. ಅವಳೂ ನಗುತ್ತಿದ್ದಳು.

ಕೋರ್ಟಿಗೆ ರಜೆಯಿದ್ದ ಒಂದು ಮಧ್ಯಾಹ್ನ ಗಲ್ಲಿ ಬಿಕೋ ಅನ್ನುತ್ತಿತ್ತು. ಅವಳು ಸೂಜಿಯನ್ನು ಕೋಟಿಗೆ ಚುಚ್ಚಿಟ್ಟು ಎದ್ದುಬಂದು ನನ್ನ ಎದುರು, ಗಟ್ಟಿ ಕಾಲಿನ ಕುರ್ಚಿಯಲ್ಲಿ ಕೂತಳು.

“ಅಕ್ಕಾ, ಗಂಡ ಮುಟ್ಟಬಾರದು ಅಂತ ಕೋರ್ಟಿಂದ ಒಂದು ಕಾಗದ ಕೊಡ್ತಾರಂತೆ. ಹೌದಾ?”

“ಕೊಡ್ತಾರೆ. ಯಾರಿಗೆ ಬೇಕಿತ್ತು?”

“ನನಗೆ.”

ನಾನು ನಕ್ಕೆ. ಅವಳ ಎಂದಿನ ತಮಾಷೆ ಅಂದುಕೊಂಡೆ. ಅವಳು ನಗಲಿಲ್ಲ. ಆಮೇಲೆ ತಗ್ಗಿದ ದನಿಯಲ್ಲಿ, ಅಂಗಡಿಗೆ ತರಬೇಕಾದ ದಾರದ ಪಟ್ಟಿ ಹೇಳುವವಳ ಹಾಗೆ, ಹೇಳುತ್ತಾ ಹೋದಳು.

“ಅವರು ಕೂಗಾಡಲ್ಲ ಅಕ್ಕಾ. ಬೈಯೋದೂ ಇಲ್ಲ. ಮನೆಗೆ ಬಂದು ಕೈಕಾಲು ತೊಳ್ಕೊಂಡು, ಬೀರುವಿಂದ ಹತ್ತಿ ತೆಗೀತಾರೆ. ಟಿಂಚರ್ ಬಾಟ್ಲಿ, ಬ್ಯಾಂಡೇಜು, ಚಿಕ್ಕ ಕತ್ತರಿ. ಎಲ್ಲಾನೂ ಮೇಜಿನ ಮೇಲೆ ಸಾಲಾಗಿ ಇಡ್ತಾರೆ. ಅದನ್ನ ನೋಡಿದ ಕೂಡಲೇ ನನ್ನ ಮಗಳು ಪುಸ್ತಕ ತಗೊಂಡು ಮೆಟ್ಟಿಲ ಮೇಲೆ ಹೋಗಿ ಕೂತ್ಕೊಳ್ತಾಳೆ. ಆಮೇಲೆ ಬಾಗಿಲು ಹಾಕ್ತಾರೆ. ಎಲ್ಲಾ ಆದ್ಮೇಲೆ ಕೂರಿಸಿ, ತೊಳೆದು, ಕಟ್ತಾರೆ. ನೋವಾಗ್ತಿದೆಯಾ ಅಂತಾನೂ ಕೇಳ್ತಾರೆ.”

“ಯಾಕೆ ಹೊಡೀತಾನೆ?”

“ಅದು ಗೊತ್ತಾಗಿದ್ರೆ ಅದನ್ನ ಮಾಡದೆ ಇರ್ತಿರಲಿಲ್ವಾ ಅಕ್ಕಾ? ಒಂದಿನ ಸಾರು ಆರಿತ್ತು ಅಂತ. ಒಂದಿನ ನಾನು ಗಲ್ಲೀಲಿ ಜೋರಾಗಿ ನಕ್ಕೆ ಅಂತ. ಒಂದಿನ ಏನೂ ಇಲ್ಲ.”

ನನ್ನ ಮಂಡಿಗೆ ಇಂಜೆಕ್ಷನ್ ಕೊಟ್ಟ ಅದೇ ಕೈ. ಬಿಡುಗಡೆ ಕೇಳೋಣ, ಜೀವನಾಂಶ ಕೇಳೋಣ ಎಂದು ನನಗೆ ಬಾಯಿಪಾಠವಾಗಿದ್ದನ್ನೆಲ್ಲ ಹೇಳಿದೆ. ಅವಳು ತಲೆಯಾಡಿಸಿದಳು.

“ಅದ್ಯಾವುದೂ ಬೇಡ. ಮುಟ್ಟಬಾರದು ಅಂತ ಒಂದು ಕಾಗದ. ಅಷ್ಟೇ. ಕಂಪೌಂಡರ್ ಅಲ್ವಾ, ಚೀಟೀಲಿ ಬರೆದಿದ್ದನ್ನ ಮೀರಲ್ಲ ಅವರು.”

ಆ ಒಂದು ಕಾಗದಕ್ಕಾಗಿ ಅವಳು ಕಾಲು ಸವೆಸಿದ್ದನ್ನು ನಾನು ಕಣ್ಣಾರೆ ನೋಡಿದೆ. ಮೊದಲು ಪೊಲೀಸ್ ಠಾಣೆ. ಅಲ್ಲಿನ ಕಾನ್‌ಸ್ಟೇಬಲ್ ತನ್ನ ಮಗುವಿಗೆ ಲಸಿಕೆ ಹಾಕಿಸಿದ್ದು ಅದೇ ಕಂಪೌಂಡರನ ಕೈಯಲ್ಲಿ. “ಅಯ್ಯೋ, ಅವರಾ? ಮನೆಗೆ ಹೋಗಮ್ಮ, ಸುಸ್ತಾಗಿದ್ದೀಯ,” ಎಂದು ನೀರು ಕೊಟ್ಟು ಕಳಿಸಿದ. ದೊಡ್ಡಾಸ್ಪತ್ರೆಯಲ್ಲಿ ಗಾಯ ಬರೆಸೋಣವೆಂದು ಹೋದರೆ, ಡ್ಯೂಟಿ ಡಾಕ್ಟರಮ್ಮ ಬ್ಯಾಂಡೇಜು ಬಿಚ್ಚಿ ನೋಡಿ, “ಚಿಕಿತ್ಸೆ ಆಗಿದೆಯಲ್ಲ, ಎಷ್ಟು ಚೆನ್ನಾಗಿ ಮಾಡಿದ್ದಾರೆ, ಇನ್ನೇನು ಬರೀಲಿ?” ಎಂದರು. ಹೆಂಗಸರ ರಕ್ಷಣೆಗೆಂದೇ ಒಬ್ಬ ಅಧಿಕಾರಿ ಇರುತ್ತಾರೆ. ಆ ಕುರ್ಚಿ ಎರಡು ವರ್ಷದಿಂದ ಖಾಲಿ. ಬೇರೆ ಇಲಾಖೆಯವರೊಬ್ಬರು ಮಂಗಳವಾರ, ಶುಕ್ರವಾರ ಬಂದು ನೋಡಿಕೊಳ್ಳುತ್ತಾರಂತೆ. ಅವಳು ಐದು ಮಂಗಳವಾರ, ನಾಲ್ಕು ಶುಕ್ರವಾರ ಹೋದಳು. ಸಿಕ್ಕಿದ್ದು ಒಂದು ದಿನ. ಅವರು ಅರ್ಜಿ ನಮೂನೆ ಕೊಟ್ಟು ಆಪ್ತ ಸಮಾಲೋಚನೆ ಕೇಂದ್ರಕ್ಕೆ ಹೋಗಲು ಹೇಳಿದರು.

ಸಮಾಲೋಚನೆಯ ಹೆಂಗಸು ಗಂಡನನ್ನೂ ಕರೆಸಿದರು. ಅವನು ಹೇಳಿದ ಹೊತ್ತಿಗೆ ಹತ್ತು ನಿಮಿಷ ಮೊದಲೇ ಹೋಗಿ ಕೂತಿದ್ದ. ಎಲ್ಲದಕ್ಕೂ ‘ಸರಿ ಮೇಡಂ, ತಪ್ಪಾಯ್ತು ಮೇಡಂ’ ಅಂದ. ಮಾತಿನ ನಡುವೆ ಆ ಹೆಂಗಸು ತಲೆಸುತ್ತು ಅಂದಾಗ ಚೀಲದಿಂದ ಬಿ.ಪಿ. ನೋಡುವ ಯಂತ್ರ ತೆಗೆದು ನೋಡಿ, ಉಪ್ಪು ಕಡಿಮೆ ಮಾಡಲು ಹೇಳಿದನಂತೆ. ಮರುದಿನ ಕಾಜಾ ಇದನ್ನು ಗಲ್ಲಿಗೆಲ್ಲ ಅಭಿನಯ ಮಾಡಿ ತೋರಿಸಿದಳು.

“ಕೊನೆಗೆ ಅವರಿಬ್ಬರೂ ಸೇರಿ ನನಗೆ ಬುದ್ಧಿ ಹೇಳಿದ್ರು ಅಕ್ಕಾ.”

ಯಾರೂ ನಗಲಿಲ್ಲ. ಆ ಹೊತ್ತಿಗೆ ಎಲ್ಲರಿಗೂ ವಿಷಯ ಗೊತ್ತಾಗಿತ್ತು, ಯಾರಿಗೂ ಅವಳ ಮುಖ ನೋಡುವ ಧೈರ್ಯವಿರಲಿಲ್ಲ. ಸಾಕ್ಷಿ ಹೇಳುತ್ತೀರಾ ಎಂದು ನಾನು ಅವಳ ಅಕ್ಕಪಕ್ಕದ ಮನೆಯವರನ್ನು ಕೇಳಿಕೊಂಡು ಬಂದೆ. ಒಬ್ಬರ ತಾಯಿ ದಿನವೂ ಅವನಿಂದ ಇನ್ಸುಲಿನ್ ಚುಚ್ಚಿಸಿಕೊಳ್ಳುತ್ತಿದ್ದಳು. ಇನ್ನೊಬ್ಬರು ಬಾಗಿಲನ್ನೇ ಪೂರ್ತಿ ತೆಗೆಯಲಿಲ್ಲ.

ಕೊನೆಗೆ ಉಚಿತ ಕಾನೂನು ನೆರವಿನ ಕಚೇರಿ. ಅದು ಕೋರ್ಟಿನ ಆವರಣದಲ್ಲೇ, ಅವಳ ಸ್ಟೂಲಿನಿಂದ ನೂರು ಹೆಜ್ಜೆ. ದಿನವೂ ಹತ್ತಾರು ವಕೀಲರ ಎದೆಯ ಮೇಲೆ ಅವಳ ಕೈಕೆಲಸ ಓಡಾಡುತ್ತಿತ್ತು, ಆದರೂ ಅವಳಿಗೊಬ್ಬ ವಕೀಲ ಸಿಗುವುದಕ್ಕೆ ಮೂರೂವರೆ ತಿಂಗಳು ಹಿಡಿಯಿತು. ಸಿಕ್ಕವರು ಕೆಟ್ಟವರಲ್ಲ. ಇಂಥವೇ ಎಂಬತ್ತು ಕೇಸು ಹೊತ್ತುಕೊಂಡು ಬೆನ್ನು ಬಾಗಿದ್ದ ಮನುಷ್ಯ. ನಿಂತುಕೊಂಡೇ ಅವಳ ಮಾತು ಕೇಳಿಸಿಕೊಂಡು, ಅರ್ಧ ಹಾಳೆಯಲ್ಲಿ ಹೆಸರು, ವಿಳಾಸ, ಮದುವೆಯ ತಾರೀಕು, ಮಗಳ ವಯಸ್ಸು ಗೀಚಿ, ಕೆಳಗೆ ‘ಉಳಿದದ್ದು ಮಾಮೂಲು’ ಎಂದು ಬರೆದು ನನ್ನ ಮೇಜಿಗೆ ಕಳಿಸಿದರು.

ಇದು ನಮ್ಮ ಗಲ್ಲಿಯ ಪದ್ಧತಿ. ಹೊರಗಿನವರಿಗೆ ಗೊತ್ತಿರುವುದಿಲ್ಲ. ಒಂದೊಂದು ಬಗೆಯ ಕೇಸಿಗೂ ನನ್ನ ಕಂಪ್ಯೂಟರಿನಲ್ಲಿ ಒಂದೊಂದು ಮಾಮೂಲು ಇದೆ. ಹೆಸರು ತುಂಬಿಸುವುದು, ತಾರೀಕು ತುಂಬಿಸುವುದು, ಪ್ರಿಂಟ್ ಒತ್ತುವುದು. ಗಂಡ ಹೊಡೆಯುವ ಕೇಸಿನ ಮಾಮೂಲಿನಲ್ಲಿ ನಾಲ್ಕನೆಯ ಪ್ಯಾರಾ ಹೀಗೆ ಶುರುವಾಗುತ್ತದೆ: ‘ಎದುರುದಾರನು ಪ್ರತಿದಿನ ಕುಡಿದು ಮನೆಗೆ ಬಂದು ಅರ್ಜಿದಾರಳನ್ನು ಅವಾಚ್ಯ ಶಬ್ದಗಳಿಂದ ಬೈದು, ಕೈಯಿಂದ ಹೊಡೆದು, ಕಾಲಿನಿಂದ ಒದ್ದು, ದೈಹಿಕ ಹಾಗೂ ಮಾನಸಿಕ ಹಿಂಸೆ ನೀಡುತ್ತಿರುತ್ತಾನೆ.’ ಆ ವಾಕ್ಯವನ್ನು ಇಪ್ಪತ್ತು ವರ್ಷದ ಹಿಂದೆ ಯಾರೋ ಬರೆಸಿದ್ದು. ಸಾವಿರ ಹೆಂಗಸರಾದರೂ ಅದರ ಕೆಳಗೆ ಸಹಿ ಹಾಕಿದ್ದಾರೆ. ಅಂಥ ಗಟ್ಟಿ ಪ್ಯಾರಾ ಎಂದು ನನಗೆ ಅದರ ಮೇಲೆ ಒಂದು ಬಗೆಯ ಹೆಮ್ಮೆಯೂ ಇತ್ತು.

ಅಂದು ಅರ್ಜಿ ಸಲ್ಲಿಸುವ ಹೊತ್ತು ಮುಗಿಯುತ್ತಾ ಬಂದಿತ್ತು. ಪ್ರಿಂಟು ತೆಗೆದು ಸಹಿ ಹಾಕು ಎಂದು ಕಾಜಾಗೆ ಕೊಟ್ಟೆ. ಬೇರೆಯವರಾಗಿದ್ದರೆ ಕಣ್ಣುಮುಚ್ಚಿ ಹಾಕುತ್ತಿದ್ದರು. ಇವಳು ಕೂತು ಬೆರಳಿಟ್ಟು ಓದತೊಡಗಿದಳು. ನಾಲ್ಕನೆಯ ಪ್ಯಾರಾಕ್ಕೆ ಬಂದು ಬೆರಳು ನಿಂತಿತು.

“ಅಕ್ಕಾ, ಇದೇನಿದು? ಅವರು ಕುಡಿಯಲ್ಲ.”

“ಗೊತ್ತು ಕಣೇ. ಅದು ಎಲ್ಲರಿಗೂ ಹಾಕೋದೇ.”

“ಬೈಯೋದೂ ಇಲ್ಲ. ಒದೆಯೋದೂ ಇಲ್ಲ. ನಾನು ಹೇಳಿದ್ದು ಇದರಲ್ಲಿ ಏನೂ ಇಲ್ವಲ್ಲ? ಹತ್ತಿ ತೆಗೆದಿಡೋದು, ಆಮೇಲೆ ಕಟ್ಟೋದು…”

“ಹತ್ತಿಗಿತ್ತಿ ಅಂತ ಬರೆದ್ರೆ ಯಾವ ಜಡ್ಜು ನಂಬ್ತಾರೆ? ಕತೆ ಕಟ್ಟಿದ್ದಾಳೆ ಅಂತಾರೆ. ಕುಡಿದು ಹೊಡೀತಾನೆ ಅಂದ್ರೆ ತಕ್ಷಣ ನಂಬ್ತಾರೆ. ಇಷ್ಟು ವರ್ಷದಿಂದ ನೋಡ್ತಿಲ್ವಾ ನಾನು?”

“ಆದ್ರೂ ಸುಳ್ಳಲ್ವಾ ಅಕ್ಕಾ?”

ನನಗೆ ರೇಗಿತು. ಇದನ್ನು ಮುಚ್ಚಿಡುವುದಿಲ್ಲ. ಹಸಿವಾಗಿತ್ತು, ಮಂಡಿ ನೋಯುತ್ತಿತ್ತು, ಸಾಲಿನಲ್ಲಿ ಇನ್ನೂ ಇಬ್ಬರಿದ್ದರು. “ನೀನು ಕಾಜಾ ಹಾಕೋವಾಗ ನಾನು ಬಂದು ಹೀಗೆ ಹಾಕು, ಹಾಗೆ ಹಾಕು ಅಂತೀನಾ? ನಿನಗೆ ಕಾಗದ ಬೇಕೋ ಬೇಡ್ವೋ?” ಎಂದು ಜೋರು ಮಾಡಿದೆ.

ಅವಳು ನನ್ನ ಮುಖವನ್ನೇ ಒಂದು ಗಳಿಗೆ ನೋಡಿದಳು. ನಾನು ಹಿರಿಯಳು, ಅರ್ಜಿಯ ವಿಷಯ ಬಲ್ಲವಳು, ಅಕ್ಕ. ಪೆನ್ನು ತೆಗೆದುಕೊಂಡು ಸಹಿ ಹಾಕಿದಳು. ವಕೀಲರು ಓದದೆಯೇ ತಮ್ಮ ಸಹಿ ಹಾಕಿದರು. ಅರ್ಜಿ ಒಳಗೆ ಹೋಯಿತು.

ಆವತ್ತೇ ಅವಳು ಮಗಳನ್ನು ಕರೆದುಕೊಂಡು ಚಿಕ್ಕಮ್ಮನ ಒಂದೇ ಕೋಣೆಯ ಮನೆಗೆ ಹೋದಳು. ಚಿಕ್ಕಮ್ಮ ಮೊದಲ ತಿಂಗಳು ಆದರಿಸಿದಳು, ಎರಡನೆಯ ತಿಂಗಳು ಸುಮ್ಮನಿದ್ದಳು, ಮೂರನೆಯ ತಿಂಗಳಿಂದ ಪಾತ್ರೆ ಸದ್ದು ಮಾಡತೊಡಗಿದಳು. ಕೋರ್ಟಿನಲ್ಲಿ ತಾರೀಕಿನ ಮೇಲೆ ತಾರೀಕು. ಒಮ್ಮೆ ಜಡ್ಜಿಗೆ ರಜೆ, ಒಮ್ಮೆ ನಮ್ಮ ವಕೀಲರಿಗೆ ಜ್ವರ, ಒಮ್ಮೆ ಕಡತ ಸಿಗಲಿಲ್ಲ. ತಾತ್ಕಾಲಿಕವಾಗಿಯಾದರೂ ಒಂದು ಆದೇಶ ಕೊಡಿ ಎಂದು ಕೇಳಿದ್ದಕ್ಕೆ, ಎದುರುದಾರರ ಮಾತೂ ಕೇಳಿಯೇ ತೀರ್ಮಾನಿಸೋಣ ಎಂದರು. ಹನ್ನೆರಡು ತಾರೀಕು ಹಾಗೇ ಉರುಳಿದವು. ಅಷ್ಟೂ ದಿನ ಕಂಪೌಂಡರ್ ಕೋರ್ಟಿಗೆ ಬಂದಾಗ ನನ್ನ ಮೇಜಿನ ಮುಂದೆ ನಿಂತು, “ಮಂಡಿ ಹೇಗಿದೆ ಟೈಪಕ್ಕ?” ಎಂದು ಕೇಳಿಯೇ ಹೋಗುತ್ತಿದ್ದ. ನಾನು ತಲೆ ಎತ್ತುತ್ತಿರಲಿಲ್ಲ.

ಆದರೂ ಕಾಜಾ ಹುರುಪಿನಲ್ಲೇ ಇದ್ದಳು. ಹುಬ್ಬಿನ ಮೇಲಿನ ಕಲೆ ಮಾಸಿತ್ತು. ಮೈಮೇಲೆ ಒಂದೂ ಬ್ಯಾಂಡೇಜಿಲ್ಲದ ಅವಳನ್ನು ನೋಡುವುದೇ ಒಂದು ಹೊಸತು ಅನ್ನಿಸುತ್ತಿತ್ತು. “ಕಾಗದ ಬಂದ ಕೂಡಲೇ ಲ್ಯಾಮಿನೇಷನ್ ಮಾಡಿಸಿ ಬಾಗಿಲಿಗೆ ಹೊಡೀತೀನಿ ಅಕ್ಕಾ, ಒಳಗೆ ಬರೋಕೆ ಮುಂಚೆ ಓದ್ಕೊಂಡು ಬರ್ಲಿ,” ಅನ್ನುತ್ತಿದ್ದಳು.

ಹದಿಮೂರನೆಯ ಸಲ ಕೇಸು ಕರೆದಾಗ ಪಾಟೀಸವಾಲು. ಎದುರು ವಕೀಲರು ಅವಳನ್ನು ಪ್ರಶ್ನೆ ಕೇಳುವ ದಿನ. ಕೆಲಸ ಬಿಟ್ಟು ನಾನೂ ಒಳಗೆ ಹೋಗಿ ಹಿಂದೆ ನಿಂತೆ. ಎದುರು ವಕೀಲರು ಬೇರೆ ಯಾರೂ ಅಲ್ಲ, ಮೂಲೆ ಆಫೀಸಿನ ಆ ದೊಡ್ಡ ಹೊಟ್ಟೆಯವರೇ. ಬಹಳ ಮರ್ಯಾದೆಯಿಂದ ಶುರುಮಾಡಿದರು.

“ಅಮ್ಮಾ, ನಿಮ್ಮ ಯಜಮಾನರು ಪ್ರತಿದಿನ ಕುಡಿದು ಬರ್ತಾರೆ ಅಂತ ಪ್ರಮಾಣ ಮಾಡಿ ಬರೆದಿದ್ದೀರಿ. ಎಲ್ಲಿ ಕುಡೀತಾರೆ? ಮನೇಲೋ, ಹೊರಗೋ?”

ಅವಳ ಕಣ್ಣು ಅವರ ಕೋಟಿನ ಮೇಲೆ ನಿಂತಿತು.

“ಪ್ರತಿದಿನ ಅಂದ್ರೆ ಕ್ಲಿನಿಕ್ ಮುಗಿಸ್ಕೊಂಡೇ ತಾನೇ? ಡಾಕ್ಟರಿಗೆ ಹನ್ನೆರಡು ವರ್ಷದಲ್ಲಿ ಒಂದಿನವೂ ವಾಸನೆ ಬಂದಿಲ್ವಂತೆ. ಅವರು ಬರೆದುಕೊಟ್ಟಿದ್ದಾರೆ, ಇಲ್ಲಿದೆ. ನೀವು ಹೇಳಿ, ಕುಡೀತಾರಾ?”

ಹೌದು ಅನ್ನು, ಹೌದು ಅಂದುಬಿಡು ಎಂದು ನಾನು ಮನಸ್ಸಿನಲ್ಲೇ ಬಡಿದುಕೊಂಡೆ. ಅವಳು ತಲೆ ಎತ್ತಿ ನೇರವಾಗಿ ಜಡ್ಜನ್ನು ನೋಡಿದಳು.

“ಇಲ್ಲ ಸಾರ್. ಅವರು ಕುಡಿಯಲ್ಲ.”

“ಹಾಗಾದ್ರೆ ಇಲ್ಲಿ ಬರೆದಿರೋದು ಸುಳ್ಳು.”

“ಅದು ನಾನು ಬರೆಸಿದ್ದಲ್ಲ ಸಾರ್. ಸಹಿ ಮಾತ್ರ ನಂದು.”

ಕೋರ್ಟು ಹಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಅವಳು ಕಟಕಟೆಯ ಅಂಚನ್ನು ಹಿಡಿದು, ಮೊದಲ ಸಲ ದನಿ ಎತ್ತಿದಳು. “ಅವರು ಹೊಡೆಯೋದು ನಿಜ ಸಾರ್. ಮೊದಲು ಹತ್ತಿ, ಟಿಂಚರು, ಬ್ಯಾಂಡೇಜು ತೆಗೆದು ಮೇಜಿನ ಮೇಲೆ ಇಡ್ತಾರೆ. ಆಮೇಲೆ ಬಾಗಿಲು ಹಾಕ್ತಾರೆ…”

“ಈ ಹತ್ತಿ ವಿಷಯ ನಿಮ್ಮ ಅರ್ಜೀಲಿ ಎಲ್ಲಿದೆ ಅಮ್ಮಾ?” ವಕೀಲರು ಕಾಗದವನ್ನು ಅವಳ ಕೈಗೇ ಕೊಟ್ಟರು. “ಹುಡುಕಿ ತೋರಿಸಿ.”

ಅವಳು ಹುಡುಕಿದಳು. ಅದು ಇಲ್ಲ ಎಂದು ಅವಳಿಗೂ ಗೊತ್ತು, ನನಗೂ ಗೊತ್ತು. ಆದರೂ ಒಂದೊಂದೇ ಹಾಳೆ ತಿರುಗಿಸುತ್ತಾ ನಿಂತಳು. ಇಡೀ ಕೋರ್ಟು ಕಾಯಿತು. ಕಂಪೌಂಡರ್ ತಲೆ ತಗ್ಗಿಸಿಕೊಂಡು, ಹೆಂಡತಿಗಾಗಿ ನಾಚಿಕೊಂಡ ಒಳ್ಳೆಯ ಗಂಡನ ಹಾಗೆ ಕೂತಿದ್ದ.

ಹೊರಗೆ ಬಂದವಳು ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. “ಅವರ ಕೋಟಿನ ಎರಡನೇ ಗುಂಡಿ ಸಡಿಲವಾಗಿತ್ತು ಅಕ್ಕಾ. ನಾನು ಅದನ್ನೇ ನೋಡ್ತಾ ನಿಂತಿದ್ದೆ,” ಅಂದಳು, ಅಷ್ಟೇ. ಎರಡು ದಿನದ ಮೇಲೆ ಆ ಕೋಟು ಅಂಗಡಿಗೆ ಬಂತು. ಬೇಡ ಎಂದು ಮಾಸ್ಟರು ಹೇಳಿದರೂ ಕೇಳದೆ ಅವಳೇ ಕೂತು ಗುಂಡಿ ಹಚ್ಚಿದಳು, ಬಿಗಿಯಾಗಿ.

ಪಾಟೀಸವಾಲಿನ ದಿನವೇ ಸಂಜೆ ನಾನು ನಮ್ಮ ವಕೀಲರ ಹತ್ತಿರ ಹೋಗಿದ್ದೆ.

“ಸಾರ್, ನಾಲ್ಕನೇ ಪ್ಯಾರಾ ನಂದು. ಅವಳು ಬೇಡ ಅಂದಿದ್ಲು, ನಾನೇ ಗದರಿಸಿ ಸಹಿ ಹಾಕಿಸಿದೆ. ನನ್ನನ್ನ ಕಟಕಟೆ ಹತ್ತಿಸಿ, ಹೇಳ್ತೀನಿ.”

ಅವರು ಕನ್ನಡಕ ತೆಗೆದು ಕಣ್ಣು ಉಜ್ಜಿಕೊಂಡರು. “ಏನಂತ ಹೇಳ್ತೀಯ? ವಕೀಲರು ಅರ್ಧ ಹಾಳೆ ಕೊಟ್ರು, ನಾನು ನನಗೆ ಬೇಕಾದ್ದನ್ನ ತುಂಬಿಸಿದೆ, ವಕೀಲರು ಓದದೆ ಸಹಿ ಹಾಕಿದ್ರು ಅಂತಾನಾ? ಆಮೇಲೆ ನೀನು ಈ ಗಲ್ಲೀಲಿ ಮೇಜು ಹಾಕ್ತೀಯಾ? ನಿನ್ನ ಮಾಮೂಲಿನಲ್ಲಿ ಇನ್ನೂ ಎಷ್ಟು ಕೇಸು ನಡೀತಿವೆ ಗೊತ್ತಾ? ಅವನ್ನೂ ಮುಳುಗಿಸ್ತೀಯಾ?”

ಅವರ ಮಾತಿನಲ್ಲಿ ಸುಳ್ಳಿರಲಿಲ್ಲ. ಆದರೆ ನಾನು ಸುಮ್ಮನಾದದ್ದು ಉಳಿದ ಹೆಂಗಸರ ಕೇಸುಗಳನ್ನು ನೆನೆದಲ್ಲ. ನನ್ನ ತಗಡಿನ ಮಾಡು, ನನ್ನ ಮೇಜು, ನನ್ನ ಇಪ್ಪತ್ತೊಂಬತ್ತು ವರ್ಷ. ಹೆದರಿಕೆಯಾಯಿತು. ಮನೆಗೆ ಬಂದುಬಿಟ್ಟೆ. ನಾನು ಹೇಡಿ ಎಂದು ನನಗೆ ಗೊತ್ತಾದದ್ದು ಐವತ್ತೆಂಟನೆಯ ವಯಸ್ಸಿನಲ್ಲಿ.

ಆದೇಶ ಆರು ವಾರದ ಮೇಲೆ ಬಂತು. ಮುಖ್ಯವಾದ ವಿಷಯದಲ್ಲೇ ಸುಳ್ಳು ಪ್ರಮಾಣ ಮಾಡಿರುವ ಅರ್ಜಿದಾರಳ ಉಳಿದ ಮಾತನ್ನು ನಂಬಲು ಆಧಾರವಿಲ್ಲ, ವೈದ್ಯಕೀಯ ದಾಖಲೆಯಿಲ್ಲ, ಸಾಕ್ಷಿಯಿಲ್ಲ, ಅರ್ಜಿ ವಜಾ. ಮೇಲಿನ ಕೋರ್ಟಿಗೆ ಹೋಗಬಹುದು ಎಂದರು ವಕೀಲರು. ಅಲ್ಲಿಯೂ ಇದೇ ಕಾಗದವೇ ಹೋಗುತ್ತದೆ ಅಲ್ಲವೇ ಎಂದು ಅವಳು ಕೇಳಿದಳು. ಹೌದು ಎಂದರು.

ಚಿಕ್ಕಮ್ಮನ ಮನೆಗೆ ಕಂಪೌಂಡರೇ ಆಟೋ ತೆಗೆದುಕೊಂಡು ಬಂದ. ಚಿಕ್ಕಮ್ಮನ ಕೆಮ್ಮಿಗೆ ಔಷಧಿ ಕೊಟ್ಟು, ಮಗಳ ಶಾಲೆಯ ಚೀಲವನ್ನು ತಾನೇ ಹೊತ್ತು, ಇಬ್ಬರನ್ನೂ ಕರೆದುಕೊಂಡು ಹೋದ. ಮನೆಯೊಳಗೆ ಹೋದರೆ ಮೇಜಿನ ಮೇಲೆ ಹತ್ತಿ ಮೊದಲೇ ಇತ್ತಂತೆ.

ಹತ್ತು ದಿನ ಬಿಟ್ಟು ಕೆಲಸಕ್ಕೆ ಬಂದಳು. ಬಲಗೈ ಹೆಬ್ಬೆರಳಿಗೆ ಬ್ಯಾಂಡೇಜು, ಎಂದಿನಂತೆ ಅಚ್ಚುಕಟ್ಟು. ಬಿಚ್ಚಿದ ಮೇಲೂ ಆ ಬೆರಳು ಮಡಚಲಿಲ್ಲ. ಎಡಗೈಯಲ್ಲಿ ಪ್ರಯತ್ನಿಸಿದಳು. ದಾರ ಸಡಿಲ ಬೀಳುತ್ತಿತ್ತು. ಮಾಸ್ಟರು ಎರಡು ತಿಂಗಳು ನೋಡಿ, ಕಣ್ಣೀರು ಹಾಕಿಕೊಂಡೇ ಕಾಜಾ ಮೆಷಿನ್ನು ತರಿಸಿದರು. ಅವಳಿಗೆ ಇಸ್ತ್ರಿ ಕೆಲಸ ಕೊಡುತ್ತೇನೆ ಎಂದರು. ಅವಳು ಬರುವುದನ್ನು ನಿಲ್ಲಿಸಿದಳು. ಅಥವಾ ಗಂಡನೇ ಬಿಡಿಸಿದನೋ, ನನಗೆ ಗೊತ್ತಿಲ್ಲ. ಆ ಸ್ಟೂಲಿನ ಮೇಲೆ ಈಗ ಬಟ್ಟೆಯ ಗಂಟು ಇಡುತ್ತಾರೆ.

ಕಳೆದ ತಿಂಗಳು ಒಂದು ಮಧ್ಯಾಹ್ನ, ಕ್ಲಿನಿಕ್ಕಿನಲ್ಲಿ ಜನ ತುಂಬಿರುವ ಹೊತ್ತು ನೋಡಿಕೊಂಡು, ಅವಳು ಬಂದಳು. ಮೊದಲಿನ ಹಾಗೇ ಗಟ್ಟಿ ಕಾಲಿನ ಕುರ್ಚಿಗೆ ಕೂತಳು. ಮೈ ಇನ್ನೂ ಇಳಿದಿತ್ತು. ತಪ್ಪಾಯಿತು ಕಣೇ, ನಿನ್ನ ಬಾಳು ಹಾಳುಮಾಡಿದೆ ಎಂದು ಬಾಯಿಬಿಟ್ಟು ಹೇಳಿದೆ. ಅವಳು ಅದನ್ನು ಕಿವಿಗೆ ಹಾಕಿಕೊಳ್ಳಲೇ ಇಲ್ಲ.

“ನನಗೊಂದು ಟೈಪ್ ಮಾಡ್ಕೊಡಿ ಅಕ್ಕಾ. ಈ ಸಲ ನಾನು ಹೇಳಿದ್ದನ್ನೇ.”

ಹೊಸ ಹಾಳೆ ತೆಗೆದೆ. ಮಾಮೂಲನ್ನು ಮುಟ್ಟಲಿಲ್ಲ. ಅವಳು ಹೇಳುತ್ತಾ ಹೋದಳು, ನಾನು ಬಡಿಯುತ್ತಾ ಹೋದೆ. ಬೀರು, ಹತ್ತಿ, ಟಿಂಚರು, ಚಿಕ್ಕ ಕತ್ತರಿ. ಮೆಟ್ಟಿಲ ಮೇಲೆ ಕೂರುವ ಮಗಳು. ಯಾವ ತಿಂಗಳು, ಯಾವ ದಿನ, ಮೈಯ ಯಾವ ಜಾಗ. ಆರಿದ ಸಾರು. ಹೆಬ್ಬೆರಳನ್ನು ಹಿಂದಕ್ಕೆ ಮಡಚುವಾಗ ಅವನು ಹೇಳಿದ ಮಾತು: ‘ಇನ್ನು ಕೋರ್ಟಿನ ಕಡೆ ಕೆಲಸ ಇರಲ್ಲ ಬಿಡು.’ ಮೂರು ಹಾಳೆ ಆಯಿತು. ನನ್ನ ಜೀವಮಾನದಲ್ಲಿ ಅಷ್ಟು ನಿಧಾನವಾಗಿ ನಾನು ಟೈಪ್ ಮಾಡಿದ್ದಿಲ್ಲ. ಓದಿ ಹೇಳಿದೆ. ಒಂದು ತಾರೀಕು ಸರಿಮಾಡಿಸಿದಳು. ಎಡಗೈಯಲ್ಲಿ ಸಹಿ ಹಾಕಿದಳು, ಸೊಟ್ಟಗೆ.

“ಮೇಲಿನ ಕೋರ್ಟಿಗಾ?” ಎಂದೆ, ಆಸೆಯಿಂದ. “ವಕೀಲರನ್ನ ನಾನು ಹುಡುಕ್ತೀನಿ. ಈ ಸಲ ನಾನೂ ಬಂದು ಹೇಳ್ತೀನಿ, ಆಣೆ.”

“ಇಲ್ಲ ಅಕ್ಕಾ, ಅದರ ಅವಧಿ ಮುಗಿದುಹೋಯ್ತು. ಎಲ್ಲಿಗೂ ಅಲ್ಲ. ನಿಮ್ಮ ಹತ್ರಾನೇ ಇರ್ಲಿ. ಮನೇಲಿಟ್ರೆ ಸಿಕ್ಕಿಬಿಡುತ್ತೆ.” ಎದ್ದು ನಿಂತಳು. “ನನಗೇನಾದ್ರೂ ಆದ್ರೆ ಆಗ ಯಾರಾದ್ರೂ ಬಂದು ಕೇಳ್ತಾರಲ್ಲ, ಅವರಿಗೆ ಕೊಡಿ. ಕುಡಿದು ಮಾಡಿದ ಅಂತ ಮಾತ್ರ ಬರೆಸಬೇಡಿ. ಅವರು ಕುಡೀತಿರಲಿಲ್ಲ ಅಂತ ಹೇಳಿ.”

ಕ್ಲಿನಿಕ್ಕಿನ ಹೊತ್ತು ಮುಗಿಯುವುದರೊಳಗೆ ಮನೆ ಸೇರಬೇಕಿತ್ತು. ಗಲ್ಲಿಯ ಗೋಡೆಯ ಪಕ್ಕವೇ ಸರಸರ ನಡೆದು ಹೋದಳು. ಮೂರು ಹಾಳೆ ನನ್ನ ಮೇಜಿನ ಡ್ರಾಯರಿನಲ್ಲಿವೆ. ಬೀಗ ಹಾಕಿದ್ದೇನೆ. ದಿನವೂ ಬೆಳಿಗ್ಗೆ ಬಂದ ಕೂಡಲೇ ಒಮ್ಮೆ ತೆಗೆದು ನೋಡುತ್ತೇನೆ. ಯಾರೂ ಕೇಳಿಕೊಂಡು ಬಂದಿಲ್ಲವೆಂದರೆ ಅವಳು ಇನ್ನೂ ಇದ್ದಾಳೆ ಎಂದು ಅರ್ಥ.